ಮುಟ್ಟದೆ ನುಡಿಸಿದವರು: ವಿಜ್ಞಾನಿ ಲೆವ್ ಟೆರ್ಮೆನ್ ಅವರ ಜೀವನ

ನಮ್ಮ ಕೊಡ್ಲಿಯ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಹೊರಡುತ್ತಿರುವ ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನ ಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದರು. ಗುರುಗಳ ಬಗ್ಗೆ, ಶಾಲೆಗಾಗಿ ದುಡಿದ ಊರಿನ ಹಿರಿಯರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ನಾನು ಈ ಶಾಲೆ ಬಿಟ್ಟ ಮೇಲೆ ಐ.ಟಿ.ಐ. ಮುಗಿಸಿ, ಸೇಡಂನಲ್ಲಿ ಮೂವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿಯ ದುಕಾನ ನಡೆಸಿದವನು. ಆದ್ದರಿಂದ ನನ್ನ ಕಸುಬಿಗೆ ಹತ್ತಿರವಾದ ಒಬ್ಬ ಮಹಾನುಭಾವರ ಜೀವನವನ್ನು ನಮ್ಮ ಶಾಲೆಯ ಮಕ್ಕಳಿಗೂ ಊರಿನವರಿಗೂ ತಿಳಿಸಬೇಕೆಂದು ಮನಸ್ಸು ಮಾಡಿದ್ದೇನೆ. ಅವರು ರಷ್ಯಾ ದೇಶದ ವಿಜ್ಞಾನಿ ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಯುರೋಪು, ಅಮೆರಿಕಗಳಲ್ಲಿ ಅವರನ್ನು ಲಿಯಾನ್ ಥೆರೆಮಿನ್ ಎಂದು ಕರೆಯುತ್ತಾರೆ. ಯಂತ್ರವನ್ನು ಮುಟ್ಟದೆ, ಬರೀ ಕೈಸನ್ನೆಯಿಂದ ಅದನ್ನು ನಡೆಸಬಹುದೆಂದು ಜಗತ್ತಿಗೆ ತೋರಿಸಿದವರು ಅವರು.

ಕೈಸನ್ನೆ ನಮಗೆ ಹೊಸದಲ್ಲ. ಹೊಲದಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಒಬ್ಬರು ನಿಂತು ಕೈ ಬೀಸುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಹಸಿರು ಬಾವುಟ ತೋರಿಸಿದ ಮೇಲೆ ಗಾಡಿ ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ. ಖಣಿಯಲ್ಲಿ ಕ್ರೇನ್ ನಡೆಸುವವನಿಗೆ ಕೆಳಗೆ ನಿಂತವನು ಕೈ ಎತ್ತಿ ತೋರಿಸಿದರೆ ಕಲ್ಲು ಮೇಲೇರುತ್ತದೆ. ಆದರೆ ಇಲ್ಲೆಲ್ಲ ಕೈಗೂ ಯಂತ್ರಕ್ಕೂ ನಡುವೆ ಒಬ್ಬ ಮನುಷ್ಯ ಇದ್ದಾನೆ. ಸನ್ನೆಯನ್ನು ಕಣ್ಣಿನಿಂದ ನೋಡಿ, ಅದರ ಅರ್ಥ ತಿಳಿದು, ಹ್ಯಾಂಡಲ್ ತಿರುಗಿಸುವವನು ಅವನು. ನಡುವೆ ಯಾರೂ ಇಲ್ಲದೆ ಯಂತ್ರವೇ ನಮ್ಮ ಕೈಯನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಟೆರ್ಮೆನ್ ಅವರ ಮೇಜಿನ ಮೇಲೆ ಸುಮಾರು ನೂರು ವರ್ಷಗಳ ಹಿಂದೆಯೇ ಸಿಕ್ಕಿತು.

ಅದು ನಮ್ಮ ಮನೆಗಳಲ್ಲೂ ಕಣ್ಣಿಗೆ ಬಿದ್ದ ಸಂಗತಿಯೇ. ನಾನು ಹುಡುಗನಾಗಿದ್ದಾಗ ನಮ್ಮ ಮುತ್ಯಾನ ಹತ್ತಿರ ಒಂದು ರೇಡಿಯೋ ಇತ್ತು. ಸಂಜೆ ಕಟ್ಟೆಯ ಮೇಲೆ ಇಟ್ಟು ಕಲಬುರಗಿ ಆಕಾಶವಾಣಿಯ ರೈತರ ಕಾರ್ಯಕ್ರಮ ಕೇಳುತ್ತಿದ್ದರು. ದೂರದ ಸ್ಟೇಷನ್ ಹಿಡಿದಾಗ ನಾವು ಹುಡುಗರು ಹತ್ತಿರ ಹೋದರೆ ಸಾಕು, ಅದು ಸಿಳ್ಳೆ ಹಾಕುತ್ತಿತ್ತು. ಹಿಂದೆ ಸರಿದರೆ ಮತ್ತೆ ಸರಿಯಾಗುತ್ತಿತ್ತು. ನಮ್ಮ ಮೈಯ ಸೋಂಕಿಗೆ ರೇಡಿಯೋ ಹೆದರುತ್ತದೆ ಎಂದು ಮುತ್ಯಾ ನಮ್ಮನ್ನು ದೂರ ಕಳಿಸುತ್ತಿದ್ದರು. ಮುಂದೆ ನಾನು ರಿಪೇರಿ ಕೆಲಸ ಕಲಿತಾಗ ಇದೇ ಸಂಗತಿ ನನಗೂ ತೊಂದರೆ ಕೊಟ್ಟಿತು. ರೇಡಿಯೋದ ಮುಚ್ಚಳ ತೆಗೆದು ಒಳಗಿನ ಕಾಯಿಲ್ ಸರಿಪಡಿಸುವಾಗ, ಕಬ್ಬಿಣದ ಸ್ಕ್ರೂಡ್ರೈವರ್ ಹಿಡಿದ ಕೈ ಹತ್ತಿರ ಬಂದರೆ ಸ್ಟೇಷನ್ ಜಾರುತ್ತಿತ್ತು. ಕೈ ತೆಗೆದರೆ ಮತ್ತೊಂದು ಕಡೆ ಹೋಗುತ್ತಿತ್ತು. ಅದಕ್ಕೇ ಬಿದಿರಿನ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿ ಅದರಿಂದಲೇ ತಿರುಗಿಸುವುದನ್ನು ನಮ್ಮ ಉಸ್ತಾದರು ಕಲಿಸಿದರು. ಮೂವತ್ತು ವರ್ಷ ನಾನು ಕೈಯನ್ನು ದೂರ ಇಡುವ ಉಪಾಯ ಮಾಡಿದೆ. ಟೆರ್ಮೆನ್ ಅದೇ ತೊಂದರೆಯ ಒಳಗೆ ಒಂದು ವಾದ್ಯವನ್ನು ಕಂಡರು.

ಲೆವ್ ಟೆರ್ಮೆನ್ ಹುಟ್ಟಿದ್ದು 1896ರ ಆಗಸ್ಟ್‌ನಲ್ಲಿ, ರಷ್ಯಾದ ಆಗಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಬಾಲ್ಯದಿಂದಲೇ ಅವರಿಗೆ ಎರಡು ಹುಚ್ಚು. ಒಂದು ವಿದ್ಯುತ್ತು, ಇನ್ನೊಂದು ಸಂಗೀತ. ಪಿಟೀಲಿಗಿಂತ ದೊಡ್ಡದಾದ, ಕುಳಿತು ಮೊಣಕಾಲ ನಡುವೆ ಇಟ್ಟು ನುಡಿಸುವ ಚೆಲ್ಲೋ ವಾದ್ಯವನ್ನು ಅವರು ಸಂಗೀತ ವಿದ್ಯಾಲಯದಲ್ಲಿ ಕಲಿತರು. ಅದರ ಜೊತೆಗೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಖಗೋಳಶಾಸ್ತ್ರ ಓದಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಅವರನ್ನು ಸೈನ್ಯದ ಎಂಜಿನಿಯರಿಂಗ್ ಶಾಲೆಗೆ ಕಳಿಸಿದರು. ಅಲ್ಲಿ ರೇಡಿಯೋ ವಿದ್ಯೆಯಲ್ಲಿ ಪಳಗಿದರು. 1917ರಲ್ಲಿ ಕ್ರಾಂತಿ ನಡೆದು ದೇಶದ ಆಡಳಿತವೇ ಬದಲಾಯಿತು.

ಯುದ್ಧ ಮುಗಿದ ಮೇಲೆ ಪ್ರಸಿದ್ಧ ವಿಜ್ಞಾನಿ ಅಬ್ರಾಮ್ ಯೋಫೆ ಅವರು ತಮ್ಮ ಭೌತ-ತಾಂತ್ರಿಕ ಸಂಸ್ಥೆಗೆ ಟೆರ್ಮೆನ್ ಅವರನ್ನು ಕರೆದುಕೊಂಡರು. 1920ರಲ್ಲಿ ಅಲ್ಲಿ ಅವರಿಗೆ ಕೊಟ್ಟ ಕೆಲಸಕ್ಕೂ ಸಂಗೀತಕ್ಕೂ ಸಂಬಂಧವೇ ಇರಲಿಲ್ಲ. ಒತ್ತಡ, ಉಷ್ಣತೆ ಬದಲಾದಾಗ ಅನಿಲಗಳ ವಿದ್ಯುತ್ ಗುಣ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯಲು ಒಂದು ಉಪಕರಣ ಮಾಡಬೇಕಿತ್ತು. ಬಹಳ ಸೂಕ್ಷ್ಮವಾದ ಆ ಉಪಕರಣಕ್ಕೆ ಅವರು ಕಿವಿಗೆ ಹಾಕುವ ಹೆಡ್‌ಫೋನ್ ಜೋಡಿಸಿದರು. ಕೈ ಹತ್ತಿರ ತಂದಾಗ ಅದರಲ್ಲಿ ಕೇಳುವ ಸ್ವರ ಏರುತ್ತದೆ, ದೂರ ಒಯ್ದಾಗ ಇಳಿಯುತ್ತದೆ ಎಂಬುದು ಅವರ ಗಮನಕ್ಕೆ ಬಂತು. ಅಳತೆಯ ಕೆಲಸಕ್ಕೆ ಅದು ಅಡ್ಡಿಯೇ. ಆದರೆ ಅವರು ಚೆಲ್ಲೋ ಕಲಿತವರು. ಗಾಳಿಯಲ್ಲಿ ಕೈ ಆಡಿಸುತ್ತ, ತಮಗೆ ಬರುತ್ತಿದ್ದ ರಾಗಗಳನ್ನು ಆ ಉಪಕರಣದ ಮೇಲೆ ನುಡಿಸಿ ನೋಡಿದರು. ಸಂಸ್ಥೆಯವರೆಲ್ಲ ಬಂದು ಕೇಳಿ ಬೆರಗಾದರು.

ಇದು ಹೇಗೆ ಆಗುತ್ತದೆ ಎಂಬುದನ್ನು ಮಕ್ಕಳಿಗಾಗಿ ಸರಳವಾಗಿ ಹೇಳುತ್ತೇನೆ. ನಡುವೆ ಜಾಗ ಬಿಟ್ಟು ಎರಡು ಲೋಹದ ತಗಡು ಇಟ್ಟರೆ ಅದು ಕಂಡೆನ್ಸರ್ ಆಗುತ್ತದೆ, ಅಂದರೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಸಾಧನ. ತಗಡುಗಳು ಹತ್ತಿರ ಬಂದಷ್ಟೂ ಅದರ ಶಕ್ತಿ ಹೆಚ್ಚು. ನಮ್ಮ ಮೈಯಲ್ಲಿ ಉಪ್ಪುನೀರು ಇರುವುದರಿಂದ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಹೀಗಾಗಿ ಉಪಕರಣದ ಆಂಟೆನಾ ಒಂದು ತಗಡಾದರೆ ನಮ್ಮ ಕೈ ಇನ್ನೊಂದು ತಗಡಾಗುತ್ತದೆ. ಟೆರ್ಮೆನ್ ಅವರ ವಾದ್ಯದ ಒಳಗೆ, ಕಿವಿಗೆ ಕೇಳಿಸದಷ್ಟು ವೇಗವಾಗಿ ಕಂಪಿಸುವ ಎರಡು ಆಸಿಲೇಟರ್‌ಗಳಿವೆ. ಒಂದರ ವೇಗ ಬದಲಾಗುವುದಿಲ್ಲ. ಇನ್ನೊಂದಕ್ಕೆ ಆಂಟೆನಾ ಜೋಡಿಸಿದ್ದಾರೆ. ಕೈ ಹತ್ತಿರ ಬಂದಾಗ ಅದರ ವೇಗ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಎರಡೂ ವೇಗಗಳ ವ್ಯತ್ಯಾಸವೇ ನಮ್ಮ ಕಿವಿಗೆ ಸ್ವರವಾಗಿ ಕೇಳಿಸುತ್ತದೆ. ವ್ಯತ್ಯಾಸ ಸೆಕೆಂಡಿಗೆ 440 ಸಲ ಇದ್ದರೆ ಒಂದು ಸ್ವರ, 880 ಆದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಬಲಗೈಯನ್ನು ನೆಟ್ಟಗೆ ನಿಂತ ಆಂಟೆನಾದ ಕಡೆ ತಂದಂತೆ ಸ್ವರ ಏರುತ್ತದೆ. ಎಡಗೈಯನ್ನು ಪಕ್ಕದ ಬಳೆಯಾಕಾರದ ಆಂಟೆನಾದ ಮೇಲೆ ತಗ್ಗಿಸಿದರೆ ದನಿ ಸಣ್ಣದಾಗುತ್ತದೆ, ಎತ್ತಿದರೆ ದೊಡ್ಡದಾಗುತ್ತದೆ. ತಂತಿ ಇಲ್ಲ, ಮನೆ ಇಲ್ಲ, ಊದುವ ತೂತಿಲ್ಲ. ಈ ವಾದ್ಯವನ್ನೇ ಇವತ್ತು ಥೆರೆಮಿನ್ ಎನ್ನುತ್ತಾರೆ.

1922ರ ಮಾರ್ಚ್‌ನಲ್ಲಿ ಟೆರ್ಮೆನ್ ಅವರು ಮಾಸ್ಕೋದ ಕ್ರೆಮ್ಲಿನ್‌ಗೆ ಹೋಗಿ ಲೆನಿನ್ ಅವರ ಮುಂದೆ ವಾದ್ಯ ನುಡಿಸಿದರು. ಲೆನಿನ್ ತಾವೂ ನುಡಿಸಿ ನೋಡಲು ಬಯಸಿದಾಗ, ಟೆರ್ಮೆನ್ ಅವರ ಕೈ ಹಿಡಿದು ತೋರಿಸಿಕೊಟ್ಟರು. ಗ್ಲಿಂಕಾ ಎಂಬ ಸಂಗೀತಗಾರರ ಒಂದು ಹಾಡನ್ನು ಲೆನಿನ್ ಸ್ವಲ್ಪ ಹೊತ್ತಿನಲ್ಲೇ ತಾವಾಗಿ ನುಡಿಸಿದರಂತೆ. ಅದೇ ದಿನ ಟೆರ್ಮೆನ್ ಇನ್ನೊಂದು ಯಂತ್ರವನ್ನೂ ತೋರಿಸಿದರು. ಯಾರಾದರೂ ಹತ್ತಿರ ಬಂದರೆ ಗಂಟೆ ಬಾರಿಸುವ ಕಾವಲು ಯಂತ್ರ ಅದು. ತತ್ವ ಎರಡರದ್ದೂ ಒಂದೇ. ಅತಿಥಿಯ ಕೈಗೆ ಹಾಡುವ ಯಂತ್ರವೇ ಕಳ್ಳನ ಕೈಗೆ ಕೂಗುತ್ತದೆ. ಅವರ ಇಡೀ ಜೀವನ ಈ ಎರಡರ ನಡುವೆ ಹೇಗೆ ಎಳೆದಾಡಿತು ಎಂಬುದನ್ನು ಮುಂದೆ ನೋಡೋಣ.

ದೇಶಕ್ಕೆಲ್ಲ ವಿದ್ಯುತ್ ತರಬೇಕೆಂಬುದು ಆಗಿನ ಸರಕಾರದ ದೊಡ್ಡ ಯೋಜನೆಯಾಗಿತ್ತು. ವಿದ್ಯುತ್ತಿನ ಮಹಿಮೆ ಜನರಿಗೆ ತಿಳಿಯಲೆಂದು ಟೆರ್ಮೆನ್ ಅವರಿಗೆ ರೈಲಿನ ಪಾಸು ಕೊಟ್ಟು ಊರೂರಿಗೆ ಕಳಿಸಿದರು. ಅವರು ವಾದ್ಯ ನುಡಿಸುತ್ತ ರಷ್ಯಾದ ಉದ್ದಗಲ ತಿರುಗಿದರು. 1926ರಲ್ಲಿ ದೂರದ ಚಿತ್ರವನ್ನು ತೋರಿಸುವ ಟೆಲಿವಿಷನ್ ಯಂತ್ರವನ್ನೂ ಮಾಡಿ ತೋರಿಸಿದರು. ಸೈನ್ಯದವರು ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರಿಂದ ಹೊರಜಗತ್ತಿಗೆ ಹೆಚ್ಚು ತಿಳಿಯಲಿಲ್ಲ. ಟಿ.ವಿ. ರಿಪೇರಿ ಮಾಡಿದ ನನಗೆ ಈ ಸಂಗತಿ ಗೊತ್ತಾದದ್ದೂ ಬಹಳ ತಡವಾಗಿ.

1927ರಲ್ಲಿ ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ ಕಛೇರಿ ಕೊಡುತ್ತ ಅವರು ವರ್ಷದ ಕೊನೆಗೆ ಅಮೆರಿಕದ ನ್ಯೂಯಾರ್ಕ್ ತಲುಪಿದರು. ಗಾಳಿಯಿಂದ ಸಂಗೀತ ತೆಗೆಯುವವರನ್ನು ನೋಡಲು ಜನ ಮುಗಿಬಿದ್ದರು. 1928ರ ಫೆಬ್ರುವರಿ 28ರಂದು ವಾದ್ಯಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್.ಸಿ.ಎ. ಎಂಬ ದೊಡ್ಡ ರೇಡಿಯೋ ಕಂಪನಿ ಅದನ್ನು ತಯಾರಿಸುವ ಹಕ್ಕು ಪಡೆಯಿತು. ಆದರೆ ಸುಮಾರು 500 ವಾದ್ಯ ಮಾಡುವಷ್ಟರಲ್ಲಿ ಕೆಲಸ ನಿಂತಿತು. 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ಪೇಟೆ ಬಿದ್ದು ಜನರ ಕೈಯಲ್ಲಿ ದುಡ್ಡಿಲ್ಲದಂತಾಯಿತು. ಇನ್ನೊಂದು ಕಾರಣವೂ ಇತ್ತು. ಯಾರು ಬೇಕಾದರೂ ಸುಲಭವಾಗಿ ನುಡಿಸಬಹುದೆಂದು ಜಾಹೀರಾತು ಮಾಡಿದ್ದರು. ಕೊಂಡವರಿಗೆ ಅದು ಸುಳ್ಳೆಂದು ಗೊತ್ತಾಯಿತು.

ಮುಟ್ಟದೆ ನಡೆಸುವುದರ ಕಷ್ಟ ಇಲ್ಲಿದೆ. ಹಾರ್ಮೋನಿಯಂ ನುಡಿಸುವಾಗ ಬೆರಳಿನ ಕೆಳಗೆ ಮನೆ ಇದೆ ಎಂಬ ಧೈರ್ಯ ಇರುತ್ತದೆ. ಕಣ್ಣು ಮುಚ್ಚಿದರೂ ಬೆರಳಿಗೆ ದಾರಿ ಗೊತ್ತು. ಗಾಳಿಯಲ್ಲಿ ಅಂಥ ಗುರುತಿಲ್ಲ. ಕೈ ಅರ್ಧ ಇಂಚು ಸರಿದರೂ ಸ್ವರ ತಪ್ಪುತ್ತದೆ. ನುಡಿಸುವವರು ತಲೆ ಅಲ್ಲಾಡಿಸುವಂತಿಲ್ಲ, ಪಕ್ಕದಲ್ಲಿ ಯಾರೂ ಓಡಾಡುವಂತಿಲ್ಲ. ಕೈ ಎತ್ತಿ ಹಿಡಿದು ತೋಳು ನೋಯುತ್ತದೆ. ಇವತ್ತಿಗೂ ಕೈಸನ್ನೆಯ ಯಂತ್ರಗಳು ಸ್ವಿಚ್ಚು, ಬಟನ್‌ಗಳನ್ನು ಪೂರ್ತಿ ಓಡಿಸದಿರುವುದಕ್ಕೆ ಇದೇ ಕಾರಣ.

ಆ ಕಷ್ಟವನ್ನು ಗೆದ್ದವರು ಕ್ಲಾರಾ ರೈಸೆನ್‌ಬರ್ಗ್ ಎಂಬ ತರುಣಿ. ಈಗಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ 1911ರಲ್ಲಿ ಹುಟ್ಟಿದ ಅವರು ಐದು ವರ್ಷದೊಳಗೇ ಪಿಟೀಲು ನುಡಿಸಿ ಸಂಗೀತ ವಿದ್ಯಾಲಯ ಸೇರಿದ ಪ್ರತಿಭಾವಂತೆ. ಆದರೆ ಕ್ರಾಂತಿಯ ಕಾಲದ ಹಸಿವಿನಲ್ಲಿ ಸರಿಯಾದ ಊಟವಿಲ್ಲದೆ ಬೆಳೆದ ಕಾರಣ ಅವರ ತೋಳು ಸೋತಿತು. ಅಮೆರಿಕಕ್ಕೆ ಬಂದ ಮೇಲೆ ಪಿಟೀಲನ್ನು ಬಿಟ್ಟೇಬಿಡಬೇಕಾಯಿತು. ಕೈಯಲ್ಲಿ ವಿದ್ಯೆ ಇದೆ, ಕೈಗೇ ಬಲವಿಲ್ಲ. ಅಂಥ ಹೊತ್ತಿನಲ್ಲಿ ಟೆರ್ಮೆನ್ ಅವರ ಪರಿಚಯವಾಯಿತು. ತಂತಿ ಒತ್ತುವ ಕೆಲಸವಿಲ್ಲದ, ಕಮಾನು ಎಳೆಯುವ ಕೆಲಸವಿಲ್ಲದ ವಾದ್ಯ ಅವರಿಗೆ ಸಿಕ್ಕಿತು. ಅವರ ಸೂಚನೆಗಳನ್ನು ಕೇಳಿ ಟೆರ್ಮೆನ್ ಇನ್ನೂ ಬೇಗ ಓಗೊಡುವ, ಇನ್ನೂ ಹೆಚ್ಚು ಸ್ಥಾಯಿಗಳ ವಾದ್ಯವನ್ನು ಅವರಿಗೆಂದೇ ಮಾಡಿಕೊಟ್ಟರು. ಗಾಳಿಯಲ್ಲಿ ಬೆರಳುಗಳನ್ನು ಮಡಚಿ ಬಿಚ್ಚಿ ಸ್ವರ ಹಿಡಿಯುವ ಪದ್ಧತಿಯನ್ನು ಕ್ಲಾರಾ ತಾವೇ ಕಂಡುಹಿಡಿದರು. ಅವರ ಹದಿನೆಂಟನೆಯ ಹುಟ್ಟುಹಬ್ಬಕ್ಕೆ ಟೆರ್ಮೆನ್, ಅವರು ಹತ್ತಿರ ಬಂದ ಕೂಡಲೆ ತಾನೇ ತಿರುಗುವ, ತಾನೇ ದೀಪ ಹತ್ತಿಸಿಕೊಳ್ಳುವ ಕೇಕನ್ನು ಮಾಡಿಸಿದ್ದರು. ಟೆರ್ಮೆನ್ ಅವರನ್ನು ಮದುವೆಯಾಗಲು ಬಯಸಿದ್ದರು. ಕ್ಲಾರಾ ರಾಬರ್ಟ್ ರಾಕ್‌ಮೋರ್ ಎಂಬ ವಕೀಲರನ್ನು ಮದುವೆಯಾದರು. ಆದರೂ ಸ್ನೇಹ ಕೆಡಲಿಲ್ಲ.

ಕ್ಲಾರಾ ಅವರ ಕಥೆ ಓದುವಾಗ ನನಗೆ ನಮ್ಮ ಶಾಲೆಯ ಒಬ್ಬ ಗೆಳೆಯ ನೆನಪಾಗುತ್ತಾನೆ. ಹೆಸರು ಬೇಡ. ಒಂಬತ್ತನೇ ತರಗತಿಯವರೆಗೆ ನನ್ನ ಪಕ್ಕದಲ್ಲೇ ಕೂಡುತ್ತಿದ್ದ. ಭಜನೆಯಲ್ಲಿ ತಬಲಾ ನುಡಿಸುತ್ತಿದ್ದ. ಮನೆಯ ಬಡತನಕ್ಕೆ ಸಾಲಿ ಬಿಟ್ಟು ಫರ್ಷಿ ಕಲ್ಲಿನ ಕೆಲಸಕ್ಕೆ ಹೋದ. ಕಲ್ಲು ಕೊರೆಯುವ ಮಷೀನಿಗೆ ಒಂದು ದಿನ ಅವನ ಬಲಗೈಯ ಎರಡು ಬೆರಳು ಹೋದವು. ಮಷೀನಿಗೆ ಕಲ್ಲು ಯಾವುದು, ಕೈ ಯಾವುದು ಎಂಬ ಗುರುತಿರಲಿಲ್ಲ. ಆ ಮೇಲೆ ಅವನು ತಬಲಾ ಮುಟ್ಟಲಿಲ್ಲ. ನನ್ನ ದುಕಾನಕ್ಕೆ ಬಂದಾಗ ಆ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದ. ಮುಟ್ಟದೆ ಕೈಯನ್ನು ಗುರುತಿಸುವ ಯಂತ್ರ ದೊಡ್ಡವರ ಮನೆಯ ಶೋಕಿಯೇ ಎಂದು ಯಾರಾದರೂ ಕೇಳಿದರೆ ನಾನು ಅವನನ್ನು ನೆನೆಸುತ್ತೇನೆ. ಇವತ್ತು ಕೆಲವು ಕಾರ್ಖಾನೆಗಳ ಒತ್ತುವ ಯಂತ್ರಗಳ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇರುತ್ತದೆ. ಕೈ ಅದನ್ನು ದಾಟಿದ ಕೂಡಲೆ ಯಂತ್ರ ನಿಲ್ಲುತ್ತದೆ. ಅಂಥದ್ದೊಂದು ಅವನ ಮಷೀನಿನ ಮುಂದೆ ಇದ್ದಿದ್ದರೆ ನಮ್ಮೂರ ಭಜನೆಗೆ ಅವನ ತಬಲಾ ಇನ್ನೂ ಇರುತ್ತಿತ್ತು.

ಟೆರ್ಮೆನ್ ಅವರ ಕಥೆಗೆ ಮರಳುತ್ತೇನೆ. ನ್ಯೂಯಾರ್ಕಿನಲ್ಲಿ ಅವರ ಕಾರ್ಯಶಾಲೆಗೆ ಐನ್‌ಸ್ಟೀನ್ ಅವರೂ ಬಂದುಹೋಗುತ್ತಿದ್ದರು. ಹೆನ್ರಿ ಕೋವೆಲ್ ಎಂಬ ಸಂಗೀತಗಾರರ ಜೊತೆ ಸೇರಿ ಅವರು ತಾಳಗಳನ್ನು ನುಡಿಸುವ ಯಂತ್ರ ಮಾಡಿದರು. ನರ್ತಕರು ಮೇಲೆ ನಿಂತು ಕುಣಿದರೆ ಅವರ ಚಲನೆಯೇ ಸಂಗೀತವಾಗುವ ಒಂದು ವೇದಿಕೆಯನ್ನೂ ಮಾಡಿದರು. 1938ರಲ್ಲಿ ಲವಿನಿಯಾ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ನರ್ತಕಿಯನ್ನು ಮದುವೆಯಾದರು. ಕರಿಯರು, ಬಿಳಿಯರು ಮದುವೆಯಾಗುವುದನ್ನು ಅಲ್ಲಿಯ ಸಮಾಜ ಒಪ್ಪದ ಕಾಲವದು. ಅವರನ್ನು ಮನೆಗೆ ಕರೆಯುತ್ತಿದ್ದ ಅನೇಕರು ಬಾಗಿಲು ಹಾಕಿಕೊಂಡರು. ಸಾಲವೂ ಬೆಳೆದಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೆಂಡತಿಯನ್ನು ಬಿಟ್ಟು ಅವರೊಬ್ಬರೇ ರಷ್ಯಾದ ಹಡಗು ಹತ್ತಿದರು. ರಷ್ಯಾದವರು ಬಲವಂತವಾಗಿ ಎತ್ತಿಕೊಂಡು ಹೋದರೆಂದು ಸುದ್ದಿ ಹಬ್ಬಿತು. ತಮ್ಮ ಇಚ್ಛೆಯಿಂದಲೇ ಹೋದದ್ದೆಂದು ಟೆರ್ಮೆನ್ ಮುಪ್ಪಿನಲ್ಲಿ ಹೇಳಿದರು. ಹೇಗೇ ಇರಲಿ, ಗಂಡ ಹೆಂಡತಿ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ತಾಯ್ನಾಡಿನಲ್ಲಿ ಅವರಿಗಾಗಿ ಕಾದಿದ್ದದ್ದು ಸೆರೆಮನೆ. ಸ್ಟಾಲಿನ್ ಅವರ ಆಳ್ವಿಕೆಯಲ್ಲಿ ಸಂಶಯವೊಂದಿದ್ದರೆ ಸಾಕು, ಸಾಕ್ಷಿ ಬೇಕಿರಲಿಲ್ಲ. 1939ರ ಮಾರ್ಚ್‌ನಲ್ಲಿ ಅವರನ್ನು ಹಿಡಿದು ಎಂಟು ವರ್ಷ ಶಿಕ್ಷೆ ಕೊಟ್ಟರು. ಚಳಿಗೆ ಜನ ಸಾಯುವ ಕೊಲಿಮಾ ಪ್ರದೇಶದ ಶ್ರಮಶಿಬಿರಕ್ಕೆ ಕಳಿಸಿದರು. ಅಮೆರಿಕದಲ್ಲಿದ್ದ ಗೆಳೆಯರು ಅವರು ಸತ್ತೇಹೋದರೆಂದು ತಿಳಿದರು. ಆದರೆ ಅವರ ವಿದ್ಯೆ ಸರಕಾರಕ್ಕೆ ಬೇಕಾಗಿತ್ತು. ಕೈದಿಗಳಾದ ವಿಜ್ಞಾನಿಗಳನ್ನು ಸೇರಿಸಿ ಕೆಲಸ ಮಾಡಿಸುವ ರಹಸ್ಯ ಕಾರ್ಯಾಲಯಕ್ಕೆ ಅವರನ್ನು ತಂದರು. ವಿಮಾನಗಳನ್ನು ರೂಪಿಸಿದ ತುಪೋಲೆವ್, ಮುಂದೆ ಸ್ಪುಟ್ನಿಕ್ ಉಪಗ್ರಹವನ್ನೂ ಗಗಾರಿನ್ ಅವರನ್ನೂ ಆಕಾಶಕ್ಕೆ ಕಳಿಸಿದ ಕೊರೊಲ್ಯೋವ್ ಅವರೂ ಅಲ್ಲಿ ಕೈದಿಗಳಾಗಿದ್ದರು.

ಆ ಬಂಧನದಲ್ಲಿ ಟೆರ್ಮೆನ್ ಮಾಡಿದ ಒಂದು ವಸ್ತುವಿನ ಬಗ್ಗೆ ಶಾಲೆಯ ಸಂಚಿಕೆಯಲ್ಲಿ ಬರೆಯಲೇಬೇಕು, ಏಕೆಂದರೆ ಅದನ್ನು ಹೊತ್ತವರು ಶಾಲೆಯ ಮಕ್ಕಳು. 1945ರ ಆಗಸ್ಟ್ 4ರಂದು ಸೋವಿಯತ್ ಬಾಲಕರ ತಂಡವೊಂದು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಸ್ನೇಹದ ಕಾಣಿಕೆ ಕೊಟ್ಟಿತು. ಅಮೆರಿಕದ ರಾಜಮುದ್ರೆಯನ್ನು ಮರದಲ್ಲಿ ಅಂದವಾಗಿ ಕೆತ್ತಿದ ಫಲಕ ಅದು. ರಾಯಭಾರಿಗಳ ಮನೆಯಲ್ಲಿ ಅದನ್ನು ಗೋಡೆಗೆ ತೂಗುಹಾಕಿದರು. ಆ ಮರದ ಒಳಗೆ ಟೆರ್ಮೆನ್ ಅವರ ಗುಟ್ಟಿನ ಕಿವಿ ಇತ್ತು. ಅದಕ್ಕೆ ಬ್ಯಾಟರಿ ಇಲ್ಲ, ವೈರ್ ಇಲ್ಲ. ತೆಳುವಾದ ಒಂದು ಪೊರೆ, ಒಂದು ಲೋಹದ ಡಬ್ಬಿ, ಒಂದು ಸಣ್ಣ ಆಂಟೆನಾ, ಅಷ್ಟೇ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಕೋಣೆಯಲ್ಲಿ ಮಾತಾಡಿದರೆ ಪೊರೆ ಅಲುಗುತ್ತಿತ್ತು, ಪೊರೆ ಅಲುಗಿದಂತೆ ಮರಳಿ ಹೋಗುವ ಅಲೆ ಬದಲಾಗುತ್ತಿತ್ತು. ಕೈ ಹತ್ತಿರ ಬಂದಾಗ ಸ್ವರ ಬದಲಾದ ಹಾಗೆಯೇ ಇದೂ. ಏಳು ವರ್ಷ ಅದು ಗೋಡೆಯ ಮೇಲೇ ಇತ್ತು. 1952ರಲ್ಲಿ ಸಿಕ್ಕಿಬಿತ್ತು. 1960ರ ಮೇ ತಿಂಗಳಲ್ಲಿ ಅಮೆರಿಕ ಅದನ್ನು ವಿಶ್ವಸಂಸ್ಥೆಯಲ್ಲಿ ಎಲ್ಲರ ಮುಂದೆ ಬಿಚ್ಚಿ ತೋರಿಸಿತು.

ಈ ಕಿವಿಯ ವಂಶದ್ದೇ ಒಂದು ಇವತ್ತು ನಮ್ಮ ಕಾರು, ಜೀಪು, ಲಾರಿಗಳ ಗಾಜಿಗೆ ಅಂಟಿದೆ. ಫಾಸ್ಟ್ಯಾಗ್ ಒಳಗೂ ಬ್ಯಾಟರಿ ಇಲ್ಲ. ಟೋಲ್ ನಾಕಾದ ರೇಡಿಯೋ ಅಲೆ ತಾಗಿದಾಗ ಅದು ಎಚ್ಚರಗೊಂಡು ತನ್ನ ನಂಬರನ್ನು ಮರಳಿ ಕಳಿಸುತ್ತದೆ. ವಿದ್ಯೆ ಒಂದೇ, ಅದು ಒಂದು ಕಡೆ ದಾರಿ ತೆರೆಯುತ್ತದೆ, ಇನ್ನೊಂದು ಕಡೆ ಗುಟ್ಟು ಕದಿಯುತ್ತದೆ. ಕೈಸನ್ನೆಯ ಯಂತ್ರಗಳಿಗೂ ಈ ಮಾತು ಸಲ್ಲುತ್ತದೆ. ನಮ್ಮ ಕೈಯನ್ನು ಸದಾ ನೋಡುತ್ತಿರುವ ಯಂತ್ರ ಇನ್ನೇನನ್ನು ನೋಡುತ್ತಿದೆ, ನೋಡಿದ್ದನ್ನು ಯಾರಿಗೆ ಹೇಳುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ಕಾಣಿಕೆ ಹೊತ್ತು ನಡೆದ ಆ ಮಕ್ಕಳು ಎಷ್ಟು ಹೆಮ್ಮೆಯಿಂದ ಹೋಗಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ. ಮಕ್ಕಳ ಕೈಗೆ ಏನು ಕೊಡುತ್ತಿದ್ದೇವೆ ಎಂಬುದು ದೊಡ್ಡವರಿಗೆ ಗೊತ್ತಿರಬೇಕು. ಮಕ್ಕಳೂ ಕೇಳಿ ತಿಳಿದುಕೊಳ್ಳಬೇಕು.

1947ರಲ್ಲಿ ಟೆರ್ಮೆನ್ ಅವರಿಗೆ ಬಿಡುಗಡೆಯಾಯಿತು. ಕದ್ದು ಕೇಳುವ ಯಂತ್ರಗಳಿಗಾಗಿ ಅದೇ ವರ್ಷ ಸ್ಟಾಲಿನ್ ಪ್ರಶಸ್ತಿಯೂ ಬಂತು. ಜೈಲಿಗೆ ಹಾಕಿದ ಕೈಯೇ ಹಾರ ಹಾಕಿತು. ಮತ್ತೆ ಮದುವೆಯಾಗಿ ಅವಳಿ ಹೆಣ್ಣುಮಕ್ಕಳ ತಂದೆಯಾದರು. 1960ರ ದಶಕದ ಮಧ್ಯದವರೆಗೆ ಗುಪ್ತ ಇಲಾಖೆಯ ಕೆಲಸದಲ್ಲೇ ಇದ್ದರು. 1962ರಲ್ಲಿ ಮಾಸ್ಕೋಗೆ ಬಂದ ಕ್ಲಾರಾ ಅವರನ್ನು ಭೇಟಿಯಾದದ್ದೂ ಗುಟ್ಟಾಗಿಯೇ. ಆಮೇಲೆ ಮಾಸ್ಕೋದ ಸಂಗೀತ ವಿದ್ಯಾಲಯದಲ್ಲಿ ಮತ್ತೆ ತಮ್ಮ ವಾದ್ಯಗಳನ್ನು ಕಟ್ಟತೊಡಗಿದರು. 1967ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಅವರನ್ನು ಅಲ್ಲಿ ಕಂಡು ಪತ್ರಿಕೆಯಲ್ಲಿ ಬರೆದರು. ಸತ್ತರೆಂದು ತಿಳಿದಿದ್ದವರು ಬದುಕಿದ್ದಾರೆಂದು ಜಗತ್ತಿಗೆ ಗೊತ್ತಾಯಿತು. ಆದರೆ ಆ ಸುದ್ದಿಯಿಂದಲೇ ಅವರ ಕೆಲಸ ಹೋಯಿತು. ವಾದ್ಯಗಳನ್ನು ಹೊರಗೆ ಹಾಕಿದರು. ಎಪ್ಪತ್ತು ದಾಟಿದ ಮುದುಕರು ಮಾಸ್ಕೋ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಸಾಮಾನ್ಯ ಕೆಲಸ ಹಿಡಿದು, ಆಸಕ್ತಿ ಇದ್ದ ಮಕ್ಕಳಿಗೆ ವಾದ್ಯ ಕಲಿಸಿದರು. ಅವರ ಸಂಬಂಧಿಕರ ಮನೆಯ ಹುಡುಗಿ ಲಿಡಿಯಾ ಕವೀನಾ ಹೀಗೆ ಕಲಿತು ಮುಂದೆ ಹೆಸರಾಂತ ವಾದಕಿಯಾದರು.

ಅಷ್ಟರಲ್ಲಿ ಅವರ ವಾದ್ಯ ಅವರಿಲ್ಲದೆಯೇ ಬೆಳೆದಿತ್ತು. ಅಮೆರಿಕದ ರಾಬರ್ಟ್ ಮೂಗ್ ಎಂಬ ಹುಡುಗ ಹದಿಹರೆಯದಲ್ಲೇ ಥೆರೆಮಿನ್ ಕಟ್ಟಿ, ಮುಂದೆ ಅದರ ಬಿಡಿಭಾಗಗಳನ್ನು ಮಾರಿ, 1964ರಲ್ಲಿ ಸಿಂಥಸೈಜರ್ ಮಾಡಿದರು. ನಮ್ಮ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ನುಡಿಸುವ ಕ್ಯಾಸಿಯೋ ಕೂಡ ಆ ದಾರಿಯಲ್ಲೇ ಬಂದದ್ದು. ದೇಶದ ಬಾಗಿಲು ತೆರೆದಾಗ ಟೆರ್ಮೆನ್ 1989ರಲ್ಲಿ ಫ್ರಾನ್ಸಿಗೆ ಹೋದರು. 1991ರಲ್ಲಿ, ಐವತ್ಮೂರು ವರ್ಷಗಳ ನಂತರ, ಮತ್ತೆ ಅಮೆರಿಕದ ನೆಲ ಮುಟ್ಟಿದರು. ಅವರಿಗೆ ತೊಂಬತ್ತೈದು, ಕ್ಲಾರಾ ಅವರಿಗೆ ಎಂಬತ್ತು. ನ್ಯೂಯಾರ್ಕಿನ ಕ್ಲಾರಾ ಅವರ ಮನೆಯಲ್ಲಿ ಇಬ್ಬರೂ ಕೂತು ಮಾತಾಡಿದರು. ಲವಿನಿಯಾ ಅವರು ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. 1993ರ ನವೆಂಬರ್ 3ರಂದು ಟೆರ್ಮೆನ್ ಮಾಸ್ಕೋದಲ್ಲಿ ಕಣ್ಣು ಮುಚ್ಚಿದರು. ಆಗ ಅವರಿಗೆ 97 ವರ್ಷ.

ಇವತ್ತು ನಮ್ಮೆಲ್ಲರ ಜೇಬಿನ ಮೊಬೈಲ್ ಬೆರಳನ್ನು ಗುರುತಿಸುವುದು ಟೆರ್ಮೆನ್ ಕಂಡ ಅದೇ ಕಂಡೆನ್ಸರ್ ಗುಣದಿಂದ. ಒಣಗಿದ ತೊಗರಿ ಕಟ್ಟಿಗೆಯಿಂದ ಮೊಬೈಲ್ ಒತ್ತಿ ನೋಡಿ, ಏನೂ ಆಗುವುದಿಲ್ಲ. ಬೆರಳಿಟ್ಟರೆ ತೆರೆಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಕೈ ಚಾಚಿದರೆ ನೀರು ಬಿಡುವ ನಲ್ಲಿ, ಕೊರೋನಾ ಕಾಲದಲ್ಲಿ ಬಂದ ಸ್ಯಾನಿಟೈಜರ್ ಡಬ್ಬಿ ಇವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಕೈಯನ್ನು ಕಾಣುತ್ತವೆ. 2010ರಲ್ಲಿ ಬಂದ ಕೈನೆಕ್ಟ್ ಎಂಬ ಆಟದ ಯಂತ್ರ ಕ್ಯಾಮರಾದಿಂದ ಇಡೀ ಮೈಯ ಚಲನೆಯನ್ನು ನೋಡುತ್ತಿತ್ತು. 2019ರಲ್ಲಿ ಗೂಗಲ್ ಕಂಪನಿ ಪಿಕ್ಸೆಲ್ 4 ಎಂಬ ಮೊಬೈಲಿನಲ್ಲಿ ಪುಟ್ಟ ರಾಡಾರ್ ಇಟ್ಟಿತು. ಮೇಲೆ ಕೈ ಬೀಸಿದರೆ ಹಾಡು ಬದಲಾಗುತ್ತಿತ್ತು. ಅದು ಬಳಸುವ 60 ಗಿಗಾಹರ್ಟ್ಸ್ ಅಲೆಗೆ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದ್ದರಿಂದ ಆ ಮೊಬೈಲ್ ಭಾರತದಲ್ಲಿ ಮಾರಾಟಕ್ಕೆ ಬರಲಿಲ್ಲ. ದಾರಿ ಬೇರೆ ಬೇರೆ ಇದ್ದರೂ ಎಲ್ಲ ಯಂತ್ರಗಳೂ ಕೇಳುವ ಪ್ರಶ್ನೆ ಒಂದೇ: ಕೈ ಎಲ್ಲಿದೆ? 1920ರಲ್ಲಿ ಆ ಪ್ರಶ್ನೆಗೆ ಕಿವಿಗೊಟ್ಟವರು ಟೆರ್ಮೆನ್.

ಕೊನೆಯದಾಗಿ ನಮ್ಮ ಶಾಲೆಗೆ ನನ್ನದೊಂದು ಸಣ್ಣ ಕಾಣಿಕೆ. ನನ್ನ ದುಕಾನ ಈಗ ಮುಚ್ಚಿದೆ. ಅದರಲ್ಲಿ ಉಳಿದ, ಸೆಲ್ಲಿನಿಂದ ನಡೆಯುವ ಎರಡು ಮೀಡಿಯಂ ವೇವ್ ರೇಡಿಯೋಗಳನ್ನು ರಿಪೇರಿ ಮಾಡಿ ವಿಜ್ಞಾನ ಕೋಣೆಗೆ ಕೊಟ್ಟಿದ್ದೇನೆ. ಒಂದರಲ್ಲಿ ಮೀಡಿಯಂ ವೇವ್ ಪಟ್ಟಿಯ ಮೇಲಿನ ಅರ್ಧದಲ್ಲಿರುವ ಯಾವುದಾದರೂ ಸ್ಟೇಷನ್ ಹಿಡಿಯಿರಿ. ಎರಡನೆಯದನ್ನು ಅದರ ಪಕ್ಕ ಇಟ್ಟು ಮುಳ್ಳನ್ನು ಸುಮಾರು 455 ಕಿಲೋಹರ್ಟ್ಸ್ ಕೆಳಗೆ ನಿಧಾನವಾಗಿ ತಿರುಗಿಸಿ. ಒಂದು ಜಾಗದಲ್ಲಿ ಮೊದಲ ರೇಡಿಯೋ ಸಿಳ್ಳೆ ಹಾಕುತ್ತದೆ. ಎರಡನೆಯದರ ಹಿಂದಿನ ಮುಚ್ಚಳ ತೆಗೆದು ಟ್ಯೂನಿಂಗ್ ಕಂಡೆನ್ಸರ್ ಹತ್ತಿರ ಕೈ ತನ್ನಿ. ಮುಟ್ಟಬೇಡಿ. ಸಿಳ್ಳೆ ಏರುವುದೂ ಇಳಿಯುವುದೂ ಕೇಳಿಸುತ್ತದೆ. ಕರೆಂಟಿನ ರೇಡಿಯೋ ಬಿಚ್ಚಿ ಈ ಪ್ರಯೋಗ ಮಾಡಬಾರದು, ಗುರುಗಳು ಜೊತೆಯಲ್ಲಿರಬೇಕು.

ರೇಡಿಯೋಗಳ ಜೊತೆ ನನ್ನ ಬಿದಿರಿನ ಕಡ್ಡಿಯನ್ನೂ ಇಟ್ಟಿದ್ದೇನೆ. ಸ್ವರ ಸರಿಪಡಿಸಲು ಅದು ಬೇಕಾಗುತ್ತದೆ. ಸುವರ್ಣ ಮಹೋತ್ಸವದ ದಿನ ನನ್ನ ಗೆಳೆಯನೂ ಬರುತ್ತೇನೆಂದು ಮಾತು ಕೊಟ್ಟಿದ್ದಾನೆ. ಆ ರೇಡಿಯೋದ ಮುಂದೆ ಮೊದಲು ಬಲಗೈ ಚಾಚುವವನು ಅವನೇ ಆಗಲಿ ಎಂಬುದು ನನ್ನ ಆಸೆ.